ದೊಡ್ಡ ಸೆಡಾನ್ ಆಯ್ಕೆ: ಹಿಂಬದಿ ಸೀಟಿನಲ್ಲಿ ಕುಳಿತು ಅಳೆಯುವುದು ಹೇಗೆ

ಕುಟುಂಬಕ್ಕೆಂದು ದೊಡ್ಡ ಸೆಡಾನ್ ಕೊಳ್ಳಲು ಹೊರಟವರು ಹೆಚ್ಚಾಗಿ ಚಾಲಕನ ಸೀಟಿನಲ್ಲಿ ಕುಳಿತೇ ತೀರ್ಮಾನಕ್ಕೆ ಬರುತ್ತಾರೆ. ಈ ವರ್ಗದ ಕಾರುಗಳಲ್ಲಿ ಚಾಲಕನಿಗೆ ಅನಾನುಕೂಲವಾಗುವುದು ಅಪರೂಪ. ಒಂದು ಕಾರಿಗೂ ಮತ್ತೊಂದಕ್ಕೂ ಇರುವ ನಿಜವಾದ ವ್ಯತ್ಯಾಸ ಗೊತ್ತಾಗುವುದು ಹಿಂದೆ ಕೂರುವವರಿಗೆ, ಅದೂ ಪ್ರಯಾಣ ಒಂದೆರಡು ಗಂಟೆ ದಾಟಿದ ಮೇಲೆ. ಆದ್ದರಿಂದ ಈ ಬರಹದಲ್ಲಿ ಎಂಜಿನ್ನಿನ ಶಕ್ತಿಗಿಂತ ಸೀಟು, ಟೈರು, ಸದ್ದು ಮತ್ತು ಸಾಮಾನಿನ ಜಾಗಕ್ಕೆ ಹೆಚ್ಚಿನ ಗಮನ ಕೊಡಲಾಗಿದೆ. ಹೋಲಿಕೆಗೆ ತೆಗೆದುಕೊಂಡಿರುವುದು ಟೊಯೋಟಾ ಅವಲಾನ್, ಷೆವರ್ಲೆ ಇಂಪಾಲಾ, ಫೋರ್ಡ್ ಟಾರಸ್, ಕ್ರೈಸ್ಲರ್ 300, ಹೋಂಡಾ ಅಕಾರ್ಡ್, ಸ್ಕೋಡಾ ಸೂಪರ್ಬ್, ಟೊಯೋಟಾ ಕ್ರೌನ್ ಮತ್ತು ಹ್ಯುಂಡೈ ಅಯಾನಿಕ್ 6. ಇವುಗಳಲ್ಲಿ ಕೆಲವು ಈಗ ಹೊಸದಾಗಿ ಸಿಗುವುದಿಲ್ಲ. ಟಾರಸ್‌ನ ಉತ್ತರ ಅಮೆರಿಕದ ತಯಾರಿಕೆ 2019ರಲ್ಲಿ, ಇಂಪಾಲಾದ್ದು 2020ರಲ್ಲಿ, ಅವಲಾನ್‌ನ ಅಮೆರಿಕದ ತಯಾರಿಕೆ 2022ರಲ್ಲಿ, 300ರದ್ದು 2023ರ ಕೊನೆಯಲ್ಲಿ ನಿಂತಿತು. ಹೀಗಾಗಿ ದೊಡ್ಡ ಸೆಡಾನ್ ಬೇಕೆನ್ನುವ ಅನೇಕರು ನೋಡುವುದು ಸೆಕೆಂಡ್‌ಹ್ಯಾಂಡ್ ಕಾರುಗಳನ್ನೇ.

ಕಾಗದದ ಮೇಲಿನ ದೊಡ್ಡತನ

ಯಾವ ಕಾರನ್ನು ದೊಡ್ಡದೆನ್ನಬೇಕು ಎಂಬುದಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕವೊಂದಿದೆ. ಪ್ರಯಾಣಿಕರ ಜಾಗ ಮತ್ತು ಡಿಕ್ಕಿಯ ಜಾಗ ಎರಡನ್ನೂ ಕೂಡಿಸಿದಾಗ 120 ಘನ ಅಡಿ, ಅಂದರೆ ಸುಮಾರು 3,400 ಲೀಟರ್, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಸೆಡಾನ್ ದೊಡ್ಡ ಕಾರು. 110ರಿಂದ 120ರ ನಡುವೆ ಬಂದರೆ ಮಧ್ಯಮ ಗಾತ್ರದ್ದು. ಕಾರಿನ ಹೊರಗಿನ ಉದ್ದ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಜನ ಮಧ್ಯಮ ಗಾತ್ರದ್ದೆಂದು ತಿಳಿದಿರುವ ಅಕಾರ್ಡ್ ಈ ಅಳತೆಯಲ್ಲಿ ದೊಡ್ಡ ಕಾರುಗಳ ಸಾಲಿಗೆ ಸೇರುವುದು ಇದೇ ಕಾರಣಕ್ಕೆ.

ಇದರ ಪರಿಣಾಮ ಏನೆಂಬುದು ಎರಡು ಕಾರುಗಳ ಅಳತೆಯನ್ನು ಅಕ್ಕಪಕ್ಕದಲ್ಲಿಟ್ಟರೆ ಕಾಣುತ್ತದೆ. ಟಾರಸ್‌ನ ಉದ್ದ ಸುಮಾರು 5,154 ಮಿಲಿಮೀಟರ್, ಹಿಂಬದಿಯ ಲೆಗ್‌ರೂಮ್ ಸುಮಾರು 968 ಮಿಲಿಮೀಟರ್. 2018ರ ಅಕಾರ್ಡ್‌ನ ಉದ್ದ ಸುಮಾರು 4,882 ಮಿಲಿಮೀಟರ್, ಹಿಂಬದಿಯ ಲೆಗ್‌ರೂಮ್ ಸುಮಾರು 1,026 ಮಿಲಿಮೀಟರ್. ಒಂದು ಗೇಣಿಗಿಂತಲೂ ಹೆಚ್ಚು ಗಿಡ್ಡವಾಗಿರುವ ಕಾರು ಹಿಂದೆ ಕೂತವರ ಕಾಲಿಗೆ ಆರು ಸೆಂಟಿಮೀಟರಿನಷ್ಟು ಹೆಚ್ಚು ಜಾಗ ಕೊಡುತ್ತದೆ. ಟಾರಸ್‌ನ ಹೆಚ್ಚುವರಿ ಉದ್ದದ ಒಂದು ಪಾಲು ಡಿಕ್ಕಿಗೆ ಹೋಗಿದೆ, ಉಳಿದದ್ದು ಮೂತಿಗೆ ಮತ್ತು ದಪ್ಪನೆಯ ಒಳಗೋಡೆಗಳಿಗೆ. ನಿಲ್ಲಿಸುವ ಜಾಗ ಇಕ್ಕಟ್ಟಾಗಿರುವ ಮನೆಯವರು ಈ ಒಂದು ಹೋಲಿಕೆಯನ್ನು ಗಮನಿಸಿದರೆ ಸಾಕು, ಉದ್ದದ ಮೋಹ ಅರ್ಧ ಇಳಿಯುತ್ತದೆ.

ವೀಲ್‌ಬೇಸ್, ಅಂದರೆ ಮುಂಚಕ್ರದಿಂದ ಹಿಂಚಕ್ರದವರೆಗಿನ ಅಂತರದ ವಿಷಯದಲ್ಲೂ ಇಂಥದೇ ತಪ್ಪು ಎಣಿಕೆ ನಡೆಯುತ್ತದೆ. ಕ್ರೈಸ್ಲರ್ 300ರ ವೀಲ್‌ಬೇಸ್ ಸುಮಾರು 3,052 ಮಿಲಿಮೀಟರ್, 2019ರ ನಂತರದ ಅವಲಾನ್‌ನದು 2,870. ಆದರೂ ಹಿಂಬದಿಯ ಲೆಗ್‌ರೂಮ್ 300ರಲ್ಲಿ ಸುಮಾರು 1,019 ಮಿಲಿಮೀಟರ್, ಅವಲಾನ್‌ನಲ್ಲಿ ಸುಮಾರು 1,024. ಹೆಚ್ಚುಕಡಿಮೆ ಎರಡೂ ಒಂದೇ. 300 ಹಿಂಚಕ್ರಗಳಿಂದ ನಡೆಯುವ ಕಾರು. ಅದರ ಎಂಜಿನ್ ಉದ್ದುದ್ದವಾಗಿ ಕೂತಿದ್ದು, ಗೇರ್‌ಬಾಕ್ಸ್ ಕ್ಯಾಬಿನ್ನಿನ ಕೆಳಗೆ ಚಾಚಿಕೊಂಡು, ಅಲ್ಲಿಂದ ಶಾಫ್ಟ್ ಹಿಂದಿನ ಆಕ್ಸಲ್‌ವರೆಗೆ ಹೋಗಬೇಕಾದ್ದರಿಂದ ನೆಲದ ನಡುವೆ ಎತ್ತರದ ಉಬ್ಬು ಉಳಿಯುತ್ತದೆ, ಐದನೆಯವರು ಅದರ ಎರಡು ಬದಿಗೆ ಕಾಲು ಹಾಕಿ ಕೂರಬೇಕಾಗುತ್ತದೆ. ಅವಲಾನ್, ಇಂಪಾಲಾ, ಅಕಾರ್ಡ್ ಮುಂಚಕ್ರಗಳಿಂದ ನಡೆಯುವುದರಿಂದ ಈ ತೊಂದರೆ ಅಲ್ಲಿ ಕಡಿಮೆ. ಹಾಗೆಂದು ಉದ್ದ ವೀಲ್‌ಬೇಸ್ ವ್ಯರ್ಥವೆನ್ನಲಾಗದು. ಮುಂಚಕ್ರ ರಸ್ತೆಯ ಉಬ್ಬನ್ನು ದಾಟಿದ ಮೇಲೆ ಹಿಂಚಕ್ರ ಅದನ್ನು ಮುಟ್ಟಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುವುದರಿಂದ, ಕಾರು ಮುಂದಕ್ಕೂ ಹಿಂದಕ್ಕೂ ತೂಗಾಡುವುದು ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ 300 ಅಷ್ಟು ನೆಮ್ಮದಿಯಾಗಿ ಸಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಲೆಗ್‌ರೂಮ್ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಅದನ್ನು ಅಳೆಯುವುದು ಪಾದದ ಕೀಲಿನಿಂದ ಸೊಂಟದ ಕೀಲಿನವರೆಗೆ, ಆ ಮೇಲೆ 254 ಮಿಲಿಮೀಟರ್ ಕೂಡಿಸಿ. ಸೀಟನ್ನು ನೆಲಕ್ಕೆ ಹತ್ತಿರ ಇಟ್ಟು ಕಾಲು ಚಾಚಿ ಕೂರುವಂತೆ ಮಾಡಿದರೆ ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೆ ಹಾಗೆ ಕೂತವರ ಮಂಡಿ ಮೇಲೆದ್ದು, ತೊಡೆಗಳು ಮೆತ್ತೆಯಿಂದ ಎತ್ತಿಕೊಂಡು, ದೇಹದ ಭಾರವೆಲ್ಲ ಬೆನ್ನಿನ ಕೆಳಭಾಗದ ಮೇಲೆ ಬೀಳುತ್ತದೆ.

ಸೀಟಿನ ಪರೀಕ್ಷೆ

ಹಾಗಾಗಿ ಅಂಕಿಗಳನ್ನು ಬದಿಗಿಟ್ಟು ಮೈಯನ್ನೇ ಅಳತೆಗೋಲು ಮಾಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಅತಿ ಎತ್ತರದವರು ಯಾರೋ ಅವರಿಗೆ ಸರಿಹೊಂದುವಂತೆ ಮುಂಬದಿ ಸೀಟನ್ನು ಹಿಂದಕ್ಕೆ ಸರಿಸಿ, ಅದರ ಎತ್ತರವನ್ನು ಪೂರ್ತಿ ಇಳಿಸಿ, ಆಮೇಲೆ ಅದರ ಹಿಂದೆ ಕೂತು ನೋಡಬೇಕು. ಮೊದಲು ಗಮನಿಸಬೇಕಾದ್ದು ಮಂಡಿಯ ಮುಂದಿನ ಜಾಗವಲ್ಲ, ಪಾದದ ಜಾಗ. ಮುಂಬದಿ ಸೀಟಿನ ಕೆಳಗೆ ಮೋಟಾರು, ವೈರುಗಳ ಗಂಟು ಅಥವಾ ಎಸಿ ಕೊಳವೆ ಅಡ್ಡ ಇದ್ದರೆ ಪಾದಗಳು ಒಳಗೆ ಹೋಗುವುದಿಲ್ಲ, ಆಗ ಮಂಡಿಯ ಮುಂದೆ ಎಷ್ಟು ಜಾಗವಿದ್ದರೂ ಕಾಲನ್ನು ಮಡಚಿಕೊಂಡೇ ಕೂರಬೇಕು. ಎರಡನೆಯದಾಗಿ, ಮಂಡಿಯ ಹಿಂಭಾಗಕ್ಕೂ ಮೆತ್ತೆಯ ಅಂಚಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆಂದು ನೋಡಬೇಕು. ಮೂರ್ನಾಲ್ಕು ಬೆರಳಿನಷ್ಟಿದ್ದರೆ ಮೆತ್ತೆಯ ಉದ್ದ ಸರಿಯಾಗಿದೆ. ಅಂಗೈ ಪೂರ್ತಿ ಹೋಗುವಷ್ಟಿದ್ದರೆ ಮೆತ್ತೆ ಗಿಡ್ಡ. ಗಿಡ್ಡ ಮೆತ್ತೆಯಿಂದ ಕ್ಯಾಬಿನ್ ವಿಶಾಲವಾಗಿ ಕಾಣುತ್ತದೆ ಎಂಬುದು ತಯಾರಕರಿಗೆ ಚೆನ್ನಾಗಿಯೇ ಗೊತ್ತು.

ವಯಸ್ಸಾದವರಿರುವ ಮನೆಗೆ ಹತ್ತಿ ಇಳಿಯುವ ಸುಲಭವೇ ಮೊದಲ ಮಾನದಂಡವಾಗಬೇಕು. ಇತ್ತೀಚಿನ ಸೆಡಾನ್‌ಗಳ ಮಾಡು ಹಿಂದಕ್ಕೆ ಇಳಿಜಾರಾಗಿ ಹೋಗುವುದರಿಂದ ಹಿಂಬಾಗಿಲಿನ ಮೇಲಂಚು ತಲೆಗೆ ತಾಗುತ್ತದೆ, ಸೀಟು ತಗ್ಗಿನಲ್ಲಿರುವುದರಿಂದ ಏಳುವಾಗ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಈ ದೃಷ್ಟಿಯಿಂದ ಕ್ರೌನ್ ಬೇರೆಯಾಗಿ ನಿಲ್ಲುತ್ತದೆ. ಅದರ ಎತ್ತರ ಸುಮಾರು 1,540 ಮಿಲಿಮೀಟರ್, ಅವಲಾನ್‌ಗಿಂತ ಸುಮಾರು ಹತ್ತು ಸೆಂಟಿಮೀಟರ್ ಹೆಚ್ಚು. ಸೀಟುಗಳೂ ಅದಕ್ಕೆ ತಕ್ಕಂತೆ ಮೇಲಿವೆ, ಕಾರಿನೊಳಗೆ ಇಳಿಯುವ ಬದಲು ಪಕ್ಕಕ್ಕೆ ಸರಿದು ಕೂರಬಹುದು. ಅದರ ರೂಪ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಆದರೆ ಮಂಡಿನೋವಿರುವ ಹಿರಿಯರನ್ನು ದಿನವೂ ಕರೆದೊಯ್ಯಬೇಕಾದವರು ರೂಪದ ಮಾತನ್ನು ಎರಡನೆಯದಾಗಿಸಿಕೊಳ್ಳುವುದೇ ಲೇಸು.

ಸೀಟಿನ ಸೌಲಭ್ಯಗಳ ಪಟ್ಟಿಯಲ್ಲಿ ಹಣಕ್ಕೆ ಹೆಚ್ಚು ಬೆಲೆ ಕೊಡುವುದು ಸೊಂಟದ ಆಧಾರ. ಮುಂದಕ್ಕೂ ಹಿಂದಕ್ಕೂ ಮಾತ್ರ ಚಲಿಸುವುದಕ್ಕಿಂತ, ಮೇಲಕ್ಕೂ ಕೆಳಕ್ಕೂ ಚಲಿಸುವ ನಾಲ್ಕು ದಿಕ್ಕಿನ ಆಧಾರ ಬೇರೆ ಬೇರೆ ಎತ್ತರದ ಇಬ್ಬರು ಚಾಲಕರಿರುವ ಮನೆಗೆ ತುಂಬ ಉಪಯುಕ್ತ. ಗಾಳಿಯಾಡುವ ಸೀಟಿನ ಪ್ರಯೋಜನ ಚರ್ಮದ ಹೊದಿಕೆಯಲ್ಲಿ ಹೆಚ್ಚು ಗೊತ್ತಾಗುತ್ತದೆ, ಏಕೆಂದರೆ ಬಟ್ಟೆಯ ಹೊದಿಕೆ ತಾನಾಗಿಯೇ ಗಾಳಿಯಾಡುತ್ತದೆ. ಟಾರಸ್‌ನ ಮೇಲಿನ ವೇರಿಯಂಟ್‌ಗಳಲ್ಲಿ ಸಿಗುತ್ತಿದ್ದ ಮಸಾಜ್ ಸೀಟಿನಂಥವು ಶೋರೂಮಿನಲ್ಲಿ ಖುಷಿ ಕೊಡುತ್ತವೆ, ಆದರೆ ಆಕಾರ ಸರಿಯಿಲ್ಲದ ಸೀಟನ್ನು ಯಾವ ಮಸಾಜೂ ಸರಿಪಡಿಸಲಾರದು. ಹಿಂಬದಿಗೆ ಪ್ರತ್ಯೇಕ ಎಸಿ ದ್ವಾರಗಳಿವೆಯೇ, ಚಾರ್ಜಿಂಗ್ ಕಿಂಡಿಗಳಿವೆಯೇ, ಕಿಟಕಿಗೆ ಬಿಸಿಲುಪರದೆ ಇದೆಯೇ ಎಂಬುದು ಕೇಳಿ ತಿಳಿಯುವ ವಿಷಯಗಳು. ಗಾಜಿನ ವಿಶಾಲ ಮಾಡು ಇರುವ ವೇರಿಯಂಟ್‌ನಲ್ಲಿ ತಲೆಯ ಮೇಲಿನ ಜಾಗ ಕೆಲವು ಸೆಂಟಿಮೀಟರ್ ತಗ್ಗುತ್ತದೆ, ಆದ್ದರಿಂದ ಗಾಜಿನ ಮಾಡಿಲ್ಲದ ಕಾರಿನಲ್ಲಿ ಕೂತು ನೋಡಿ ಗಾಜಿನ ಮಾಡಿರುವುದನ್ನು ಕೊಳ್ಳಬಾರದು.

ಮಗುವಿನ ಸೀಟು ಅಳವಡಿಸುವವರು ಆ ಸೀಟನ್ನೇ ಜೊತೆಗೆ ಒಯ್ಯಬೇಕು. ಮಗುವಿನ ಸೀಟನ್ನು ಕಾರಿಗೆ ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಹಿಂಬದಿಯ ಎರಡು ಪಕ್ಕದ ಜಾಗಗಳಿಗೆ ಮಾತ್ರ ಇರುತ್ತವೆ. ಹಿಮ್ಮುಖವಾಗಿ ಕೂರಿಸುವ ಶಿಶುಸೀಟು ಎಷ್ಟು ಜಾಗ ತಿನ್ನುತ್ತದೆಂಬುದು ಅದನ್ನು ಇಟ್ಟು, ಅದರ ಮುಂದಿನ ಸೀಟಿನಲ್ಲಿ ಎತ್ತರದವರೊಬ್ಬರು ಕೂತಾಗಲೇ ತಿಳಿಯುವುದು.

ಟೈರಿನ ಗಾತ್ರವೂ ನಿಶ್ಶಬ್ದವೂ

ಒಂದೇ ಕಾರಿನ ಎರಡು ವೇರಿಯಂಟ್‌ಗಳ ನಡುವೆ ಆರಾಮದ ಅಂತರ ಕೆಲವೊಮ್ಮೆ ಎರಡು ಬೇರೆ ಕಾರುಗಳ ನಡುವಿನ ಅಂತರಕ್ಕಿಂತ ಹೆಚ್ಚಿರುತ್ತದೆ, ಅದಕ್ಕೆ ಬಹುಪಾಲು ಕಾರಣ ಚಕ್ರ. ಅವಲಾನ್‌ಗೆ 17, 18 ಮತ್ತು 19 ಇಂಚಿನ ಚಕ್ರಗಳು ಬರುತ್ತಿದ್ದವು. ಟೈರಿನ ಮೇಲೆ ಬರೆದಿರುವ ಅಂಕಿಯಿಂದ ಅದರ ಪಕ್ಕದ ಗೋಡೆಯ ಎತ್ತರವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು: ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಎತ್ತರ. 215/55 ಆರ್17 ಟೈರಿಗೆ ಸುಮಾರು 118 ಮಿಲಿಮೀಟರ್ ಬರುತ್ತದೆ, 235/45 ಆರ್18ಕ್ಕೆ 106, 235/40 ಆರ್19ಕ್ಕೆ 94. ಸಣ್ಣ ಚಕ್ರದಿಂದ ದೊಡ್ಡದಕ್ಕೆ ಹೋದಾಗ ರಸ್ತೆಗೂ ಲೋಹಕ್ಕೂ ನಡುವಿನ ರಬ್ಬರು ಮತ್ತು ಗಾಳಿಯ ಮೆತ್ತೆ ಐದರಲ್ಲೊಂದು ಭಾಗದಷ್ಟು ತೆಳುವಾಗುತ್ತದೆ. ಗುಂಡಿಯ ಚೂಪು ಅಂಚು, ಸೇತುವೆಯ ಜೋಡಣೆ, ಕಿತ್ತುಹೋದ ಡಾಂಬರು ಇವೆಲ್ಲ ಆಗ ನೇರವಾಗಿ ಬೆನ್ನಿಗೆ ತಲುಪುತ್ತವೆ. ಮೇಲಿನ ವೇರಿಯಂಟ್‌ನ ಸೀಟು ಬೇಕು, ಕೆಳಗಿನದರ ಚಕ್ರ ಬೇಕು ಎನ್ನುವವರಿಗೆ ಕೆಲವು ಮಾದರಿಗಳಲ್ಲಿ ತಯಾರಕರೇ ಅನುಮತಿಸಿರುವ ಸಣ್ಣ ಚಕ್ರವನ್ನು ಹಾಕಿಸುವ ದಾರಿಯಿದೆ. ಬಾಗಿಲಿನ ಒಳ ಅಂಚಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಆ ಗಾತ್ರ ನಮೂದಾಗಿದ್ದರೆ ಮಾತ್ರ ಅದನ್ನು ಯೋಚಿಸಬೇಕು.

ರಸ್ತೆಗೆ ತಕ್ಕಂತೆ ಗಡಸುತನ ಬದಲಿಸಿಕೊಳ್ಳುವ ಡ್ಯಾಂಪರ್‌ಗಳು (ಚಕ್ರದ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ಗಳು) ಸೂಪರ್ಬ್‌ನ ಕೆಲವು ವೇರಿಯಂಟ್‌ಗಳಲ್ಲಿವೆ. ಮೆದು ಸ್ಥಿತಿಯಲ್ಲಿ ಅವು ಹಿಂಬದಿಗೆ ನಿಜವಾಗಿಯೂ ಹಿತ ಕೊಡುತ್ತವೆ. ಆದರೆ ತೀರ ಮೆದುವಾದ ಸಸ್ಪೆನ್ಷನ್ ಎಲ್ಲರಿಗೂ ಒಗ್ಗುವುದಿಲ್ಲ. ಉಬ್ಬು ದಾಟಿದ ಮೇಲೂ ಕಾರು ಎರಡು ಮೂರು ಬಾರಿ ತೇಲಿ ಇಳಿಯುತ್ತಿದ್ದರೆ ಹಿಂದೆ ಕೂತ ಮಕ್ಕಳಿಗೆ ವಾಕರಿಕೆ ಬರುತ್ತದೆ. ಒಮ್ಮೆ ಎದ್ದು ಒಮ್ಮೆ ಇಳಿದು ಸುಮ್ಮನಾಗುವ ಕಾರನ್ನು ಹುಡುಕಬೇಕು.

ಸದ್ದಿನ ವಿಷಯ ಸ್ವಲ್ಪ ಸೂಕ್ಷ್ಮ. ಒಂದೇ ವೇಗದಲ್ಲಿ ಸಾಗುವಾಗ ದೊಡ್ಡ ಸೆಡಾನ್‌ನಲ್ಲಿ ಎಂಜಿನ್ನಿನ ಸದ್ದು ಬಹುತೇಕ ಕೇಳಿಸುವುದಿಲ್ಲ, ಕೇಳಿಸುವುದು ಟೈರಿನ ಉಜ್ಜು ಮತ್ತು ಕನ್ನಡಿಗಳ ಸುತ್ತ ಸೀಳುವ ಗಾಳಿ. ಕ್ಯಾಬಿನ್ನಿನ ಸ್ಪೀಕರುಗಳಿಂದ ವಿರುದ್ಧ ಅಲೆ ಬಿಟ್ಟು ಸದ್ದು ಅಡಗಿಸುವ ವ್ಯವಸ್ಥೆ ಎಂಜಿನ್ನಿನ ಗುಂಯ್‌ಗುಡುವಿಕೆಯಂಥ ಕೆಳಸ್ವರದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳಿಯ ಸದ್ದಿನ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ಗಾಳಿಯ ಸದ್ದಿಗೆ ಮದ್ದು ಎರಡು ಗಾಜುಗಳ ನಡುವೆ ಮೆದುವಾದ ಪ್ಲಾಸ್ಟಿಕ್ ಪದರವಿರುವ ಅಕೌಸ್ಟಿಕ್ ಗಾಜು. ಮಾರಾಟಗಾರರ ಮಾತನ್ನು ನೆಚ್ಚಿಕೊಳ್ಳದೆ ಇದನ್ನು ಪರೀಕ್ಷಿಸಲು ಸುಲಭ ಉಪಾಯವಿದೆ. ಬಾಗಿಲಿನ ಗಾಜನ್ನು ಅರ್ಧ ಇಳಿಸಿ ಅದರ ಮೇಲಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ಪದರವಿರುವ ಗಾಜಿನ ನಡುವೆ ಕೂದಲೆಳೆಯಂಥ ಗೆರೆಯೊಂದು ಉದ್ದಕ್ಕೂ ಕಾಣುತ್ತದೆ. ಸಾಮಾನ್ಯ ಗಾಜಿನಲ್ಲಿ ಅದಿರುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಇಂಥ ಗಾಜು ಮುಂದಿನ ಬಾಗಿಲುಗಳಿಗೇ ನಿಂತುಬಿಡುತ್ತದೆ. ಹಿಂಬದಿಯ ನೆಮ್ಮದಿಗಾಗಿ ಕಾರು ಕೊಳ್ಳುವವರು ಹಿಂದಿನ ಬಾಗಿಲಿನ ಗಾಜನ್ನೂ ಇಳಿಸಿ ನೋಡಬೇಕು.

ಎಂಜಿನ್, ಗೇರ್‌ಬಾಕ್ಸ್, ಚಾಲಕನ ನೆರವು

ಅವಲಾನ್‌ನ 3.5 ಲೀಟರ್ ವಿ6, ಅಂದರೆ ಆರು ಸಿಲಿಂಡರ್ ಎಂಜಿನ್ 301 ಅಶ್ವಶಕ್ತಿಯದು; ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್‌ನ ಒಟ್ಟು ಶಕ್ತಿ 215. ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜನ್ನು ಲೀಟರಿಗೆ ಬದಲಿಸಿದರೆ ಎಕ್ಸ್‌ಎಲ್‌ಇ ವೇರಿಯಂಟ್‌ನ ಹೈಬ್ರಿಡ್ ನಗರ ಮತ್ತು ಹೆದ್ದಾರಿ ಸೇರಿ ಸುಮಾರು 18 ಕಿಲೋಮೀಟರ್ ಕೊಡುತ್ತದೆ, ವಿ6 ಸುಮಾರು 11. ಕುಟುಂಬದ ಬಳಕೆಗೆ ಹೈಬ್ರಿಡ್ಡೇ ಮೇಲು ಎಂಬುದು ನನ್ನ ಅಭಿಪ್ರಾಯ, ಇಂಧನ ಉಳಿಯುವುದೊಂದೇ ಕಾರಣಕ್ಕಲ್ಲ. ನಿಂತು ಹೊರಡುವ ದಟ್ಟಣೆಯಲ್ಲಿ ಅದು ಮೋಟಾರಿನಿಂದಲೇ ಸದ್ದಿಲ್ಲದೆ ಜಾರಿಕೊಳ್ಳುತ್ತದೆ, ಗೇರು ಬದಲಾಗುವ ತಟ್ಟು ಇರುವುದಿಲ್ಲ; ಅದರ ಬ್ಯಾಟರಿ ಹಿಂಬದಿ ಸೀಟಿನ ಕೆಳಗೆ ಇರುವುದರಿಂದ ಡಿಕ್ಕಿಯ ಜಾಗವೂ ಕುಗ್ಗಿಲ್ಲ. ತುಂಬಿದ ಕಾರಿನೊಂದಿಗೆ ದೀರ್ಘ ಏರು ಹತ್ತುವಾಗ ಮಾತ್ರ ಎಂಜಿನ್ ಒಂದೇ ಸ್ವರದಲ್ಲಿ ಕೂಗಿಕೊಳ್ಳುತ್ತದೆ. ಬೆಟ್ಟದ ದಾರಿಯೇ ಹೆಚ್ಚಾಗಿದ್ದರೆ ಅವಲಾನ್‌ನ ವಿ6, ಇಂಪಾಲಾದ 3.6 ಲೀಟರ್ ವಿ6 ಅಥವಾ 300ರ ಎಂಟು ಗೇರುಗಳ ಆಟೊಮ್ಯಾಟಿಕ್ ಹೆಚ್ಚು ನಿರಾಳ. ಇಂಪಾಲಾದ 2.5 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ ಇಷ್ಟು ದೊಡ್ಡ ಕಾರಿಗೆ, ಐವರು ಕೂತಾಗ, ಸಾಲದು.

ಅಯಾನಿಕ್ 6ರಂಥ ವಿದ್ಯುತ್ ಸೆಡಾನ್ ನಿಶ್ಶಬ್ದದಲ್ಲಿ ಎಲ್ಲವನ್ನೂ ಹಿಂದಿಕ್ಕುತ್ತದೆ. ಅದರ ವೀಲ್‌ಬೇಸ್ 2,950 ಮಿಲಿಮೀಟರ್, ನೆಲ ಚಪ್ಪಟೆ, ಆದ್ದರಿಂದ ಮಧ್ಯದಲ್ಲಿ ಕೂರುವವರ ಕಾಲಿಗೂ ಜಾಗವಿದೆ. ಆದರೆ ಬ್ಯಾಟರಿ ನೆಲದಡಿಯಲ್ಲಿರುವುದರಿಂದ ಹಿಂಬದಿಯ ನೆಲ ಮೇಲೆದ್ದಿರುತ್ತದೆ, ಮಾಡು ಹಿಂದಕ್ಕೆ ಇಳಿಯುತ್ತದೆ. ಉದ್ದ ಕಾಲಿನವರು ಮಂಡಿ ಎತ್ತಿ ಕೂರುವಂತಾಗಬಹುದು. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರೇ ಜೋರಾಗಿ ಬ್ರೇಕ್ ಹಿಡಿಯುವ ಸ್ಥಿತಿ ಚಾಲಕನಿಗೆ ಮೋಜು, ಹಿಂದೆ ಕೂತವರಿಗೆ ಶಿಕ್ಷೆ. ಅದನ್ನು ಕೆಳಮಟ್ಟಕ್ಕೆ ಇಳಿಸಿ ಓಡಿಸಿ ನೋಡಬೇಕು.

ಚಾಲಕನ ನೆರವಿನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. 2019ರ ಅವಲಾನ್‌ನಲ್ಲಿ ತುರ್ತು ಬ್ರೇಕ್ ಮತ್ತು ಮುಂದಿನ ವಾಹನದ ವೇಗಕ್ಕೆ ಹೊಂದಿಕೊಳ್ಳುವ ಕ್ರೂಸ್ ಕಂಟ್ರೋಲ್ (ತಾನಾಗಿಯೇ ವೇಗ ಕಾಯುವ ವ್ಯವಸ್ಥೆ) ಎಲ್ಲ ವೇರಿಯಂಟ್‌ಗಳಿಗೂ ಇದ್ದವು, 300ರಲ್ಲಿ ಅವು ಹೆಚ್ಚುವರಿ ಪ್ಯಾಕೇಜಿನ ಭಾಗ. ಹೀಗಾಗಿ ಒಂದೇ ವರ್ಷದ ಎರಡು 300 ಕಾರುಗಳಲ್ಲಿ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಹಜ. ಎಸಿಗೂ ಧ್ವನಿಗೂ ಕೈಗೆ ಸಿಗುವ ಗುಂಡಿಗಳಿರುವ ಕಾರು ಪರದೆಯೊಳಗೆ ಎಲ್ಲವನ್ನೂ ಬಚ್ಚಿಟ್ಟ ಕಾರಿಗಿಂತ ದಿನಬಳಕೆಯಲ್ಲಿ ಹಿತ. ಯುರೋಪಿನ ಸುರಕ್ಷತಾ ಪರೀಕ್ಷೆಯಾದ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥ ಮುಖ್ಯ ಕೆಲಸಗಳಿಗೆ ಪ್ರತ್ಯೇಕ ಗುಂಡಿ ಅಥವಾ ಹಿಡಿಕೆಗಳಿರುವ ಕಾರುಗಳಿಗೆ ಮನ್ನಣೆ ಕೊಡುವ ನಿಲುವು ತಳೆದಿದೆ.

ಡಿಕ್ಕಿ

ಟಾರಸ್‌ನ ಡಿಕ್ಕಿ ಸುಮಾರು 569 ಲೀಟರ್, ಇಂಪಾಲಾದ್ದು 532, 300ರದ್ದು 462, ಅವಲಾನ್‌ನದು 456. ಮೂರನೆಯ ತಲೆಮಾರಿನ ಸೂಪರ್ಬ್ 625 ಲೀಟರ್ ಎನ್ನುತ್ತದೆ. ಆದರೆ ಅದು ಒಂದೊಂದು ಲೀಟರಿನ ಇಟ್ಟಿಗೆಯಾಕಾರದ ಪೆಟ್ಟಿಗೆಗಳನ್ನು ಜೋಡಿಸಿ ಅಳೆಯುವ ಯುರೋಪಿನ ಪದ್ಧತಿಯ ಲೆಕ್ಕ, ಉಳಿದವು ಸೂಟ್‌ಕೇಸುಗಳ ನಿಗದಿತ ಗುಂಪನ್ನು ತುಂಬಿಸಿ ಅಳೆಯುವ ಅಮೆರಿಕದ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸೂಪರ್ಬ್‌ನ ನಿಜವಾದ ಮೇಲುಗೈ ಬೇರೆ ಕಡೆ ಇದೆ: ಅದರ ಹಿಂಗಾಜು ಸಮೇತ ಇಡೀ ಬಾಗಿಲು ಮೇಲೇಳುವುದರಿಂದ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ದೊಡ್ಡ ರಟ್ಟಿನ ಪೆಟ್ಟಿಗೆಗಳು ಓರೆಕೋರೆ ಮಾಡದೆ ಒಳಗೆ ಹೋಗುತ್ತವೆ. ಸಾಮಾನ್ಯ ಸೆಡಾನ್‌ನಲ್ಲಿ ಲೀಟರುಗಳು ಸಾಕಷ್ಟಿದ್ದರೂ ಬಾಯಿ ಕಿರಿದಾಗಿ ಸಾಮಾನು ಒಳಗೆ ಹೋಗದಿರಬಹುದು. ಮುಚ್ಚಳದ ಬಾಗಿದ ಕಬ್ಬಿಣದ ತೋಳುಗಳು ಮುಚ್ಚುವಾಗ ಒಳಕ್ಕೆ ಇಳಿದು ಸೂಟ್‌ಕೇಸನ್ನು ಒತ್ತುತ್ತವೆಯೇ ಎಂದು ನೋಡಬೇಕು. ಕೆಳಗೆ ಪೂರ್ಣ ಗಾತ್ರದ ಸ್ಟೆಪ್ನಿ ಇದೆಯೋ, ಸಣ್ಣದೋ, ಬರಿ ಪಂಕ್ಚರ್ ಕಿಟ್ಟೋ ಎಂಬುದನ್ನು ಹಾಸು ಎತ್ತಿ ಖಚಿತಪಡಿಸಿಕೊಳ್ಳಬೇಕು.

ಯಾರಿಗೆ ಯಾವುದು

ಹಿಂದೆ ಇಬ್ಬರು ದೊಡ್ಡವರು ದೂರ ಪ್ರಯಾಣ ಮಾಡುವ ಮನೆಗೆ ನನ್ನ ಮೊದಲ ಆಯ್ಕೆ 17 ಅಥವಾ 18 ಇಂಚಿನ ಚಕ್ರದ ಅವಲಾನ್ ಹೈಬ್ರಿಡ್. ಮಕ್ಕಳ ಸೀಟು, ತಳ್ಳುಗಾಡಿಗಳ ಮನೆಗೆ ಸೂಪರ್ಬ್. ನಿಲ್ಲಿಸುವ ಜಾಗ ಕಡಿಮೆ, ಒಳಗೆ ಮಾತ್ರ ವಿಶಾಲವಾಗಿರಬೇಕು ಎಂದರೆ ಅಕಾರ್ಡ್. ಮಂಡಿನೋವಿನ ಹಿರಿಯರಿದ್ದರೆ ಕ್ರೌನ್. ಹೆದ್ದಾರಿಯ ಓಟವೇ ಹೆಚ್ಚಾಗಿದ್ದು, ನಾಲ್ವರಿಗಿಂತ ಹೆಚ್ಚು ಮಂದಿ ಕೂರುವುದು ಅಪರೂಪವಾದರೆ 300 ಇಂದಿಗೂ ತನ್ನದೇ ಗತ್ತಿನ ಕಾರು. ಇಂಪಾಲಾ ವಿ6ನ್ನು ಕಡಿಮೆ ಅಂದಾಜು ಮಾಡುವವರು ಬಹಳ. ಮೆತ್ತನೆಯ ಓಟ, ದೊಡ್ಡ ಡಿಕ್ಕಿ ಎರಡೂ ಒಟ್ಟಿಗೆ ಬೇಕಾದವರಿಗೆ ಅದರಷ್ಟು ಹೊಂದುವ ಹಳೆಯ ಕಾರು ಕಡಿಮೆ. ಟಾರಸ್ ಅನ್ನು ಡಿಕ್ಕಿಗಾಗಿ ಕೊಳ್ಳಬಹುದು, ಹಿಂಬದಿ ಸೀಟಿಗಾಗಿ ಅಲ್ಲ.

ಸೆಕೆಂಡ್‌ಹ್ಯಾಂಡ್ ಆಗಿದ್ದರೆ ಸೌಲಭ್ಯಗಳು ಹೆಚ್ಚಿದಷ್ಟೂ ಪರೀಕ್ಷೆ ಹೆಚ್ಚು. ಹೊಂದಿಕೊಳ್ಳುವ ಡ್ಯಾಂಪರ್‌ಗಳು ಸಾಮಾನ್ಯ ಡ್ಯಾಂಪರ್‌ಗಳಿಗಿಂತ ಬಹಳ ದುಬಾರಿ. ಹಾಳಾದರೆ ಕಾರು ಕೊಳ್ಳುವಾಗ ಉಳಿಸಿದ ಹಣ ಅಲ್ಲೇ ಕರಗುತ್ತದೆ. ಗಾಜಿನ ಮಾಡಿನ ಮೂಲೆಗಳ ಒಳಹೊದಿಕೆಯಲ್ಲಿ ನೀರಿನ ಕಲೆ ಇದೆಯೇ, ಚಾಲಕನ ಸೀಟಿನ ಹೊರಬದಿಯ ಉಬ್ಬು ಕುಸಿದಿದೆಯೇ, ಸೀಟಿನ ಬಿಸಿ ಮತ್ತು ಗಾಳಿ ಎರಡೂ ಕಡೆ ಕೆಲಸ ಮಾಡುತ್ತವೆಯೇ ಎಂದು ನೋಡಿ. ಹೈಬ್ರಿಡ್ ಆದರೆ ಹಿಂಬದಿ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಒಯ್ಯುವ ಜಾಲರಿ ಎಲ್ಲಿದೆಯೆಂದು ಕೇಳಿ, ಅದರಲ್ಲಿ ಧೂಳು ಅಥವಾ ಸಾಕುಪ್ರಾಣಿಯ ಕೂದಲು ಕಟ್ಟಿಕೊಂಡಿದ್ದರೆ ಬ್ಯಾಟರಿಯ ತಪಾಸಣೆ ಮಾಡಿಸದೆ ಮುಂಗಡ ಕೊಡಬೇಡಿ. ಟೆಸ್ಟ್ ಡ್ರೈವ್‌ನಲ್ಲಿ ಅರ್ಧ ದಾರಿಯನ್ನು ಮನೆಯ ಇನ್ನೊಬ್ಬರಿಗೆ ಓಡಿಸಲು ಬಿಟ್ಟು ನೀವು ಹಿಂದೆ ಕೂರಿ; ಹಾಳಾದ ರಸ್ತೆಯ ತುಣುಕೊಂದನ್ನು ಬೇಕೆಂದೇ ಹುಡುಕಿ, ರೇಡಿಯೊ ಮತ್ತು ಎಸಿ ಫ್ಯಾನ್ ಎರಡನ್ನೂ ಆರಿಸಿ ಅದರ ಮೇಲೆ ಎರಡು ಬಾರಿ ಸಾಗಿ.